ಗ್ರೀಕ್ ದೇವರುಗಳ ಪ್ರೇಮಕಥೆ: ಯಾವ ಸರಣಿಯಿಂದ ಶುರು ಮಾಡಬೇಕು?

ಗ್ರೀಕ್ ಪುರಾಣ ಇಟ್ಟುಕೊಂಡು ಬರೆದ ಪ್ಯಾರಾನಾರ್ಮಲ್ ರೊಮ್ಯಾನ್ಸ್ (ದೇವರು, ಶಾಪ, ಪಿಶಾಚಿಗಳಂಥ ಅತಿಮಾನುಷ ಸಂಗತಿಗಳಿರುವ ಪ್ರೇಮಕಥೆ) ಸರಣಿಗಳು ಈಗ ಲೆಕ್ಕವಿಲ್ಲದಷ್ಟಿವೆ. ಹೊಸದಾಗಿ ಓದಲು ಹೊರಟವರಿಗೆ ಎಲ್ಲಿಂದ ಹಿಡಿಯಬೇಕು ಅನ್ನುವುದೇ ತಿಳಿಯುವುದಿಲ್ಲ. ಮುಖಪುಟ ನೋಡಿ ಆರಿಸೋಣ ಅಂದರೆ ಅವೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಳಗಿನ ಕಥೆಗಳು ಮಾತ್ರ ಪೂರ್ತಿ ಬೇರೆ ಬೇರೆ. ಒಂದರಲ್ಲಿ ಶಾಪಕ್ಕೆ ಸಿಕ್ಕ ಒಂದು ಇಡೀ ಜನಾಂಗ ಇದೆ. ಇನ್ನೊಂದರಲ್ಲಿ ಪತ್ರಿಕೋದ್ಯಮ ಓದುವ ದೇವತೆ ಇದ್ದಾಳೆ. ಮತ್ತೊಂದರಲ್ಲಿ ದೇವರೇ ಇಲ್ಲ, ದೇವರ ಹೆಸರು ಮಾತ್ರ ಇದೆ.

ಇಲ್ಲಿ ಐದು ಸರಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಎಷ್ಟು ಪುಸ್ತಕ, ಎಷ್ಟು ಹಸಿಬಿಸಿ, ಇಂಗ್ಲಿಷ್ ಎಷ್ಟು ಸುಲಭ, ಇದೆಲ್ಲ ಹೇಳುತ್ತೇನೆ. ಆದರೆ ನನ್ನ ಮುಖ್ಯ ಅಳತೆ ಒಂದೇ. ಕಥೆಯ ಹೆಣ್ಣಿಗೆ ನಿಜವಾಗಿ ಆರಿಸಿಕೊಳ್ಳುವ ಅವಕಾಶ ಇದೆಯಾ? ಅವಳು ಹೌದು ಅಂದಾಗ, ಬೇಡ ಅನ್ನುವ ದಾರಿಯೂ ಅವಳಿಗೆ ತೆರೆದಿತ್ತಾ?

ಈ ಅಳತೆ ಯಾಕೆ ಅಂದರೆ, ಮೂಲ ಕಥೆಯಲ್ಲಿ ಅವಳಿಗೆ ಅದು ಸಿಗಲೇ ಇಲ್ಲ.

ಮೂಲ ಕಥೆಯಲ್ಲಿ ನಡೆದದ್ದೇನು

ಈ ಸರಣಿಗಳಲ್ಲಿ ಜಾಸ್ತಿ ಓಡುತ್ತಿರುವುದು ಹೇಡೀಸ್ ಮತ್ತು ಪರ್ಸೆಫೋನಿಯ ಕಥೆ. ಆತ ಪಾತಾಳದ ಒಡೆಯ, ಆಕೆ ಬೆಳೆಯ ದೇವತೆ ಡಿಮೀಟರ್‌ನ ಮಗಳು. ಇದರ ಹಳೆಯ ರೂಪಗಳಲ್ಲಿ ಮುಖ್ಯವಾದದ್ದು ಹೋಮರನ ಹೆಸರಿನಲ್ಲಿ ಉಳಿದಿರುವ ಡಿಮೀಟರ್ ಸ್ತೋತ್ರ. ಅದರಲ್ಲಿ ಹುಡುಗಿಯ ಅಪ್ಪ, ದೇವರುಗಳ ರಾಜ ಜೀಯಸ್ ಮಗಳನ್ನೂ ಕೇಳದೆ, ತಾಯಿಯನ್ನೂ ಕೇಳದೆ, ಅವಳನ್ನು ತನ್ನ ಅಣ್ಣ ಹೇಡೀಸ್‌ಗೆ ಕೊಟ್ಟುಬಿಡುತ್ತಾನೆ. ಬಯಲಲ್ಲಿ ಒಂದು ಚೆಂದದ ಹೂವು ಬೆಳೆಯುತ್ತದೆ. ಅದು ಅವಳಿಗಾಗಿಯೇ ಹೂಡಿದ ಬಲೆ. ಕೀಳಲು ಕೈ ಚಾಚುತ್ತಾಳೆ, ನೆಲ ಬಾಯಿ ಬಿಡುತ್ತದೆ, ಹೇಡೀಸ್ ಅವಳನ್ನು ರಥಕ್ಕೆ ಎಳೆದುಕೊಳ್ಳುತ್ತಾನೆ. ಅವಳು ಕೂಗುತ್ತಾಳೆ. ತಾಯಿ ಒಂಬತ್ತು ದಿನ ಪಂಜು ಹಿಡಿದು ಹುಡುಕುತ್ತಾಳೆ. ಕೊನೆಗೆ ಬೀಜ ಮೊಳೆಯದಂತೆ ಮಾಡಿ ಇಡೀ ಭೂಮಿಯನ್ನು ಹಸಿವಿಗೆ ದೂಡುತ್ತಾಳೆ. ಆಗ ಜೀಯಸ್ ಸೋಲಲೇಬೇಕಾಗುತ್ತದೆ. ಆದರೆ ಹೇಡೀಸ್ ಮಗಳಿಗೆ ಒಂದು ದಾಳಿಂಬೆ ಬೀಜ ತಿನ್ನಿಸಿರುತ್ತಾನೆ. ಹಾಗಾಗಿ ವರ್ಷದ ಮೂರನೇ ಒಂದು ಪಾಲು ಅವಳು ಕೆಳಗೇ ಇರಬೇಕು.

ಇದನ್ನು ಪ್ರೇಮಕಥೆ ಮಾಡುವುದು ಸುಲಭದ ಕೆಲಸ ಅಲ್ಲ. ಇವತ್ತಿನ ಬರಹಗಾರ್ತಿಯರೆಲ್ಲ ಈ ಕೂಗಿಗೆ ಏನಾದರೂ ಉತ್ತರ ಹುಡುಕಲೇಬೇಕು. ಯಾರು ಯಾವ ಉತ್ತರ ಹುಡುಕಿದ್ದಾರೆ ಅನ್ನುವುದೇ ನನಗೆ ಈ ಪುಸ್ತಕಗಳ ನಿಜವಾದ ರುಚಿ.

ಗ್ರೀಕ್ ಕಥೆಗಳು ಕನ್ನಡಕ್ಕೆ ಹೊಸವೇನೂ ಅಲ್ಲ. ಸೋಫೋಕ್ಲಿಸ್‌ನ ನಾಟಕದ ಜಾಡಿನಲ್ಲೇ ಬಿ.ಎಂ.ಶ್ರೀ ಅವರು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಶಾಪ, ವರ, ದೇವರ ಕೋಪ, ಮಾತಿಗೆ ಕಟ್ಟುಬಿದ್ದ ವೀರ, ಇವೆಲ್ಲ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಗ್ರೀಕ್ ಪುರಾಣ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ಈ ಐದರಲ್ಲಿ ಯಾವುದಕ್ಕೂ ಮೊದಲೇ ಓದಿಕೊಂಡಿರಬೇಕಾದ ಅಗತ್ಯ ಇಲ್ಲ.

ಡಾರ್ಕ್ ಹಂಟರ್: ಹಳೆಯದು, ದೊಡ್ಡದು

ಶೆರಿಲಿನ್ ಕೆನ್ಯನ್ ಅವರ 'ಡಾರ್ಕ್ ಹಂಟರ್' ಸರಣಿ 2002ರಲ್ಲಿ ಶುರುವಾಯಿತು. ಬಹುತೇಕ ಕಥೆ ನಡೆಯುವುದು ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ. ಇದರ ಹಿಂದಿನ ಪುರಾಣವನ್ನು ಕೆನ್ಯನ್ ತಾವೇ ಕಟ್ಟಿದ್ದಾರೆ, ಮತ್ತು ಅದನ್ನು ತುಂಬ ಗಟ್ಟಿಯಾಗಿ ಕಟ್ಟಿದ್ದಾರೆ.

ಅಪೊಲೊ ದೇವರು ಅಪೊಲೈಟ್ ಎಂಬ ಜನಾಂಗವನ್ನು ಹುಟ್ಟಿಸಿರುತ್ತಾನೆ. ಅವರ ರಾಣಿಯ ಆಜ್ಞೆಯಂತೆ ಅಪೊಲೊನ ಪ್ರೇಯಸಿಯ ಕೊಲೆಯಾಗುತ್ತದೆ. ಅವನು ಇಡೀ ಜನಾಂಗಕ್ಕೆ ಶಾಪ ಕೊಡುತ್ತಾನೆ. ಬಿಸಿಲು ಕಾಣುವಂತಿಲ್ಲ, ಒಬ್ಬರ ರಕ್ತ ಇನ್ನೊಬ್ಬರು ಕುಡಿದು ಬದುಕಬೇಕು, 27ನೇ ಹುಟ್ಟುಹಬ್ಬದ ದಿನ ನರಳಿ ಸಾಯಬೇಕು. ಸಾಯಲು ಒಪ್ಪದವರು ಮನುಷ್ಯರ ಆತ್ಮ ಕದ್ದು ಆಯಸ್ಸು ಬೆಳೆಸಿಕೊಳ್ಳುತ್ತಾರೆ. ಅವರಿಗೆ ಡೈಮನ್ ಎಂದು ಹೆಸರು. ಅವರನ್ನು ಬೇಟೆಯಾಡುವವರೇ ಡಾರ್ಕ್ ಹಂಟರ್‌ಗಳು. ಇವರೆಲ್ಲ ಬದುಕಿದ್ದಾಗ ಘೋರ ಅನ್ಯಾಯಕ್ಕೆ ಸಿಕ್ಕು ಸತ್ತವರು. ಸೇಡು ತೀರಿಸಿಕೊಳ್ಳುವ ಒಂದು ಅವಕಾಶಕ್ಕಾಗಿ ಅಪೊಲೊನ ಅವಳಿ ಸೋದರಿ ಆರ್ಟೆಮಿಸ್‌ಗೆ ಆತ್ಮ ಮಾರಿಕೊಂಡವರು.

ನನಗೆ ಈ ಸರಣಿ ಇಷ್ಟವಾಗುವುದು ಇಲ್ಲಿ ಯಾರೂ ಪೂರ್ತಿ ಕೆಟ್ಟವರಲ್ಲ ಎನ್ನುವುದಕ್ಕೆ. ಯಾರೋ ಒಬ್ಬಳು ಮಾಡಿದ ತಪ್ಪಿಗೆ ಹುಟ್ಟುವ ಪ್ರತಿ ಮಗುವಿಗೂ 27 ವರ್ಷದ ಗಡುವು. ಆ ಗಡುವನ್ನು ಮೀರಲು ಹೊರಟವನನ್ನು ನಾಯಕ ಕೊಲ್ಲಬೇಕು. ಓದುತ್ತಾ ಹೋದಂತೆ ಡೈಮನ್‌ಗಳ ಮೇಲೂ ಕನಿಕರ ಬರುತ್ತದೆ. ಮುಂದಿನ ಪುಸ್ತಕಗಳಲ್ಲಿ ಕೆನ್ಯನ್ ಆ ಕನಿಕರವನ್ನು ಕೈಬಿಡದೆ ಬೆಳೆಸುತ್ತಾರೆ.

ನನ್ನ ಅಳತೆಗೆ ಬಂದರೆ, ಇಲ್ಲಿನ ನಿಯಮ ಬಹಳ ಚೆನ್ನಾಗಿದೆ. ಡಾರ್ಕ್ ಹಂಟರ್‌ಗೆ ಬಿಡುಗಡೆ ಬೇಕಾದರೆ, ಅವನನ್ನು ಪ್ರೀತಿಸುವವರು ಅವನ ಆತ್ಮ ಇರುವ ಪದಕವನ್ನು ಕೈಯಲ್ಲಿ ಹಿಡಿದಿರಬೇಕು. ಅದು ಕೆಂಡದಂತೆ ಸುಡುತ್ತದೆ. ಆತ್ಮ ದೇಹಕ್ಕೆ ಮರಳುವವರೆಗೆ ಕೈಬಿಡುವಂತಿಲ್ಲ. ಬಿಟ್ಟರೆ ಅವನು ಕಾಯಂ ನೆರಳಾಗಿ ಅಲೆಯಬೇಕು. ಅಂದರೆ ಕಥೆಯ ತುದಿಯಲ್ಲಿ ಎಲ್ಲವೂ ನಿಂತಿರುವುದು ಹೆಣ್ಣಿನ ಮನಸ್ಸಿನ ಮೇಲೆ. ಅವಳು ಯಾವ ಗಳಿಗೆಯಲ್ಲಾದರೂ ಕೈ ಸಡಿಲಿಸಬಹುದು. 'ನೈಟ್ ಪ್ಲೆಷರ್ಸ್' ಪುಸ್ತಕದ ನಾಯಕ ಕಿರಿಯನ್ ಹಿಂದೆ ಹೆಂಡತಿಯಿಂದಲೇ ಮೋಸಹೋಗಿ ರೋಮನ್ನರ ಕೈಗೆ ಸಿಕ್ಕವನು. ಅಂಥವನು ಮತ್ತೆ ಒಬ್ಬ ಹೆಣ್ಣಿನ ಕೈಯಲ್ಲಿ ಆತ್ಮ ಇಡಬೇಕು. ಈ ಜಾಗ ಓದುವಾಗ ಎದೆ ಹಿಡಿದುಕೊಂಡಂತಾಗುತ್ತದೆ.

ಎಲ್ಲಿಂದ ಶುರು ಮಾಡುವುದು? ಪಟ್ಟಿಯಲ್ಲಿ ಮೊದಲು ಕಾಣುವುದು 'ಫ್ಯಾಂಟಸಿ ಲವರ್'. ಪ್ರೇಮದ ದೇವತೆ ಅಫ್ರೊಡೈಟಿಯ ಮಗನೊಬ್ಬ ಶಾಪದಿಂದ ಪುಸ್ತಕದೊಳಗೆ ಸಿಕ್ಕಿಹಾಕಿಕೊಂಡ ಕಥೆ ಅದು. ಓದಲು ಹಗುರ, ಆದರೆ ಅದರಲ್ಲಿ ಡಾರ್ಕ್ ಹಂಟರ್ ಲೋಕ ಇನ್ನೂ ತೆರೆದುಕೊಂಡಿಲ್ಲ. ನನ್ನನ್ನು ಕೇಳಿದರೆ 'ನೈಟ್ ಪ್ಲೆಷರ್ಸ್' ಮೊದಲು ಓದಿ. ಅದು ಹಿಡಿಸಿದರೆ 'ಡ್ಯಾನ್ಸ್ ವಿತ್ ದ ಡೆವಿಲ್'ಗೆ ಬನ್ನಿ. ಅದರ ನಾಯಕ ಝಾರೆಕ್ ರೋಮನ್ನರ ಕಾಲದಲ್ಲಿ ಗುಲಾಮನಾಗಿದ್ದವನು. ಅವನನ್ನು 900 ವರ್ಷ ಅಲಾಸ್ಕಾದ ಹಿಮದಲ್ಲಿ ಒಂಟಿಯಾಗಿ ಬಿಟ್ಟಿರುತ್ತಾರೆ. ಅವನು ಬದುಕಬೇಕೋ ಸಾಯಬೇಕೋ ಎಂದು ತೀರ್ಪು ಕೊಡಲು ಬರುವವಳು ಆಸ್ಟ್ರಿಡ್. ಇಡೀ ಸರಣಿಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಜೋಡಿ ಇದು. ಒರಟು ಮಾತಿನ ಹಿಂದೆ ಇರುವ ಗಾಯವನ್ನು ಅವಸರ ಮಾಡದೆ ತೋರಿಸಿದ್ದಾರೆ.

2008ರಲ್ಲಿ ಬಂದ 'ಆಕೆರಾನ್' 700 ಪುಟ ದಾಟುವ ಪುಸ್ತಕ. ಬೇಟೆಗಾರರ ನಾಯಕನದ್ದೇ ಕಥೆ. ಅದರ ಮೊದಲ ಭಾಗದಲ್ಲಿ ಒಬ್ಬ ಹುಡುಗನ ಮೇಲೆ ನಡೆಯುವ ದೌರ್ಜನ್ಯ ಪುಟಗಟ್ಟಲೆ ಇದೆ. ಲೈಂಗಿಕ ಹಿಂಸೆಯೂ ಇದೆ. ಅದನ್ನು ಓದಲು ಆಗದವರು ದಯವಿಟ್ಟು ಆ ಪುಸ್ತಕ ಬಿಡಿ. ಇದನ್ನು ಮೊದಲೇ ಹೇಳದೆ ಯಾರ ಕೈಗೂ ಅದನ್ನು ಕೊಡಬಾರದು ಎಂದು ನನ್ನ ಅನಿಸಿಕೆ.

ಕಷ್ಟ ಇರುವುದು ಗಾತ್ರದಲ್ಲಿ. ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಿವೆ. ಜೊತೆಗೆ ಕನಸಿನ ದೇವರುಗಳದ್ದು, ರೂಪ ಬದಲಿಸುವವರದ್ದು ಎಂದು ಕವಲುಗಳಿವೆ. ಒಂದರ ಪಾತ್ರ ಇನ್ನೊಂದರಲ್ಲಿ ಬಂದುಹೋಗುತ್ತದೆ. ಎಲ್ಲವನ್ನೂ ಓದಲೇಬೇಕು ಎಂದು ಹಟ ಹಿಡಿಯಬೇಡಿ. ಮೊದಲ ಐದಾರು ಓದಿ ನಿಲ್ಲಿಸಿದರೂ ತೃಪ್ತಿಯಾಗುತ್ತದೆ. ಹಳೆಯ ಚಿಕ್ಕ ಪ್ರತಿಗಳು ಬೇಕಿದ್ದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ಹುಡುಕಿ ನೋಡಬಹುದು.

ಲಾರ್ಡ್ಸ್ ಆಫ್ ದ ಅಂಡರ್‌ವರ್ಲ್ಡ್: ಪಂಡೋರಳ ಪೆಟ್ಟಿಗೆಯ ಶಿಕ್ಷೆ

ಜೀನಾ ಶೋವಾಲ್ಟರ್ ಅವರ ಈ ಸರಣಿಯನ್ನು 'ಡಾರ್ಕ್ ಹಂಟರ್'ನ ನೇರ ಎದುರಾಳಿ ಅನ್ನಬಹುದು. ಇಲ್ಲೂ ಸಾವಿಲ್ಲದ ಯೋಧರು, ಇಲ್ಲೂ ಶಾಪ, ಒಂದೊಂದು ಪುಸ್ತಕಕ್ಕೆ ಒಂದೊಂದು ಜೋಡಿ. ಮೊದಲ ಕಾದಂಬರಿ 'ದ ಡಾರ್ಕೆಸ್ಟ್ ನೈಟ್' ಬಂದದ್ದು 2008ರಲ್ಲಿ.

ಪಿಶಾಚಿಗಳನ್ನು ಕೂಡಿಟ್ಟಿದ್ದ ಪಂಡೋರಳ ಪೆಟ್ಟಿಗೆ ಕಾಯುವ ಕೆಲಸ ತಮಗೆ ಸಿಗಲಿಲ್ಲ ಎಂದು ಸಿಟ್ಟಾದ ಯೋಧರು ಅದನ್ನು ತೆರೆದುಬಿಡುತ್ತಾರೆ. ಹೊರಬಂದ ಒಂದೊಂದು ಪಿಶಾಚಿಯನ್ನು ದೇವರುಗಳು ಒಬ್ಬೊಬ್ಬ ಯೋಧನ ಮೈಯೊಳಗೆ ಕೂಡಿಹಾಕುತ್ತಾರೆ. ಒಬ್ಬನಲ್ಲಿ ಹಿಂಸೆ, ಒಬ್ಬನಲ್ಲಿ ಸಾವು, ಒಬ್ಬನಲ್ಲಿ ನೋವು, ಒಬ್ಬನಲ್ಲಿ ರೋಗ. ಈಗ ಅವರು ಬುಡಾಪೆಸ್ಟ್‌ನ ಬೆಟ್ಟದ ಮೇಲಿನ ಕೋಟೆಯಲ್ಲಿದ್ದಾರೆ.

ಶೋವಾಲ್ಟರ್ ಅವರ ಜಾಣತನ ಇರುವುದು ಪಿಶಾಚಿಯ ಗುಣವನ್ನೇ ಪ್ರೀತಿಗೆ ಅಡ್ಡಿಯಾಗಿ ನಿಲ್ಲಿಸುವುದರಲ್ಲಿ. ಸುಳ್ಳನ್ನು ಹೊತ್ತ ಗಿಡಿಯನ್ ನಿಜ ಹೇಳಿದರೆ ನೋವಿನಿಂದ ನೆಲಕ್ಕೆ ಬೀಳುತ್ತಾನೆ. ಅವನು ಮೆಚ್ಚುಗೆಯನ್ನೂ ಬೈಗುಳದ ರೂಪದಲ್ಲೇ ಹೇಳಬೇಕು. ರೋಗವನ್ನು ಹೊತ್ತ ಟೋರಿನ್ ಯಾರ ಚರ್ಮವನ್ನೂ ಮುಟ್ಟುವಂತಿಲ್ಲ, ಮುಟ್ಟಿದರೆ ಊರಿಗೇ ಸೋಂಕು ಹರಡುತ್ತದೆ. ಹಿಂಸೆಯನ್ನು ಹೊತ್ತ ಮ್ಯಾಡಾಕ್ಸ್ ಹಿಂದೆ ಪಂಡೋರಳನ್ನು ಇರಿದು ಕೊಂದವನು. ಅದಕ್ಕೆ ಪ್ರತಿ ರಾತ್ರಿ ಹನ್ನೆರಡಕ್ಕೆ ಅವನೂ ಇರಿತಕ್ಕೆ ಸಾಯಬೇಕು. ಇರಿಯುವವನು ಅವನ ಗೆಳೆಯನೇ. ಬೆಳಿಗ್ಗೆ ಮತ್ತೆ ಎದ್ದು ಕೂರುತ್ತಾನೆ. ಅವನ ಎದುರಿಗೆ ಬರುವ ಆಶ್ಲಿನ್‌ಗೆ ನಿಂತ ಜಾಗದಲ್ಲಿ ಹಿಂದೆ ಆಡಿದ ಮಾತುಗಳೆಲ್ಲ ಕಿವಿಗೆ ಬೀಳುತ್ತವೆ. ಅವನ ಹತ್ತಿರ ಇದ್ದಾಗ ಮಾತ್ರ ಸದ್ದು ನಿಲ್ಲುತ್ತದೆ. ಬಹಳ ಒಳ್ಳೆಯ ಕಲ್ಪನೆ ಇದು.

ಆದರೆ ನನ್ನ ಅಳತೆಗೆ ಇದು ಕೆನ್ಯನ್‌ಗಿಂತ ಹಿಂದೆ ಬೀಳುತ್ತದೆ. ಮೊದಲ ಪುಸ್ತಕಗಳಲ್ಲಿ ಹೆಣ್ಣನ್ನು ಕೋಟೆಯೊಳಗೆ ಕೂಡಿಹಾಕುವುದು, ಕಾವಲಿಡುವುದು, ಅದರ ನಡುವೆಯೇ ಪ್ರೀತಿ ಹುಟ್ಟುವುದು ಸಾಮಾನ್ಯ. ಅಂಥದ್ದು ನಿಮಗೆ ಹಿಡಿಸದಿದ್ದರೆ ಎರಡನೆಯದಾದ 'ದ ಡಾರ್ಕೆಸ್ಟ್ ಕಿಸ್' ಓದಿ. ಅದರ ನಾಯಕಿ ಆನ್ಯಾ ಅರಾಜಕತೆಯ ದೇವತೆ. ಅವಳನ್ನು ಯಾರೂ ಕೂಡಿಹಾಕಲಾರರು. ಲೂಸಿಯನ್‌ಗೆ ಅವಳನ್ನು ಕೊಲ್ಲುವ ಅಪ್ಪಣೆಯಾಗಿರುತ್ತದೆ, ಅವಳೋ ಅವನ ಸುತ್ತಲೇ ಆಟ ಆಡುತ್ತಾಳೆ. ನಗುವಿಗೆ, ಚುರುಕು ಮಾತಿಗೆ ಇಡೀ ಸರಣಿಯಲ್ಲಿ ಇದೇ ಚೆಂದ. ಯುದ್ಧ, ರಕ್ತ, ಹಸಿಬಿಸಿ ಎಲ್ಲವೂ ಧಾರಾಳವಾಗಿವೆ.

ಹೇಡೀಸ್ ಮತ್ತು ಪರ್ಸೆಫೋನಿ: ಮೂರು ದಾರಿ

ಈಗ ಆ ಕೂಗಿನ ಕಥೆಗೇ ಬರೋಣ. ಮೂರು ಸರಣಿಗಳು ಮೂರು ರೀತಿಯಲ್ಲಿ ಉತ್ತರ ಕೊಟ್ಟಿವೆ.

ಮೊದಲನೆಯದು ಸ್ಕಾರ್ಲೆಟ್ ಸೇಂಟ್ ಕ್ಲೇರ್ ಅವರದ್ದು. 'ಎ ಟಚ್ ಆಫ್ ಡಾರ್ಕ್‌ನೆಸ್' ಬಂದದ್ದು 2019ರಲ್ಲಿ. ಊರಿನ ಹೆಸರು ನ್ಯೂ ಅಥೆನ್ಸ್. ದೇವರುಗಳು ಅಲ್ಲಿ ಈಗಿನ ಕಾಲದ ಸೆಲೆಬ್ರಿಟಿಗಳ ಹಾಗೆ ಓಡಾಡುತ್ತಾರೆ. ಪರ್ಸೆಫೋನಿ ತಾನು ದೇವತೆ ಎಂಬುದನ್ನು ಮುಚ್ಚಿಟ್ಟು ಪತ್ರಿಕೋದ್ಯಮ ಓದುತ್ತಿದ್ದಾಳೆ. ವಸಂತದ ದೇವತೆ, ಆದರೆ ಅವಳು ಮುಟ್ಟಿದ ಹೂವು ಬಾಡುತ್ತದೆ. ಹೇಡೀಸ್‌ನ ಕ್ಲಬ್ಬಿಗೆ ಹೋಗಿ, ಅವನು ಯಾರೆಂದು ತಿಳಿಯದೆ ಇಸ್ಪೀಟು ಆಡಿ ಸೋಲುತ್ತಾಳೆ. ಷರತ್ತು ಏನೆಂದರೆ, ಆರು ತಿಂಗಳೊಳಗೆ ಪಾತಾಳದಲ್ಲಿ ಜೀವ ಹುಟ್ಟಿಸಬೇಕು. ಇಲ್ಲದಿದ್ದರೆ ಅವಳು ಕಾಯಂ ಅಲ್ಲೇ.

ಇಲ್ಲಿ ಅಪಹರಣದ ಜಾಗಕ್ಕೆ ಒಪ್ಪಂದ ಬಂದಿದೆ. ಇದು ನನಗೆ ಅರ್ಧ ಒಪ್ಪಿಗೆ. ಗೊತ್ತಿಲ್ಲದೆ ಬಿದ್ದ ಒಪ್ಪಂದ ಬಲೆಯೇ ಅಲ್ವಾ? ಆದರೆ ಸೇಂಟ್ ಕ್ಲೇರ್ ಅವಳ ಕೈಗೆ ಲೇಖನಿ ಕೊಡುತ್ತಾರೆ. ಹೇಡೀಸ್ ಮನುಷ್ಯರೊಂದಿಗೆ ಮಾಡಿಕೊಳ್ಳುವ ಒಪ್ಪಂದಗಳ ವಿರುದ್ಧ ಅವಳು ಪತ್ರಿಕೆಯಲ್ಲಿ ಬರೆಯುತ್ತಾಳೆ. ಅವನಿಗೆ ಅದು ಇಷ್ಟವಿಲ್ಲದಿದ್ದರೂ ನಿಲ್ಲಿಸುವುದಿಲ್ಲ. ಅವಳ ಶಕ್ತಿ ಅರಳುತ್ತಾ ಹೋಗುವುದನ್ನು ನೋಡುವುದೇ ಮುಂದಿನ ಪುಸ್ತಕಗಳ ಸಂತೋಷ. ಇಂಗ್ಲಿಷ್ ಬಹಳ ಸರಳ. ಪ್ರಣಯದ ದೃಶ್ಯಗಳು ಮುಚ್ಚುಮರೆಯಿಲ್ಲದೆ ಇವೆ, ಹಾಗಾಗಿ ದೊಡ್ಡವರಿಗೆ ಮಾತ್ರ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. 'ಟಚ್' ಎಂದು ಶುರುವಾಗುವ ಪುಸ್ತಕಗಳು ಅವಳ ಕಡೆಯಿಂದ, 'ಗೇಮ್' ಎಂದು ಶುರುವಾಗುವವು ಅವನ ಕಡೆಯಿಂದ. ಕಥೆ ಒಂದೇ. ಕೊನೆಯದಾದ 'ಎ ಟಚ್ ಆಫ್ ಕೇಯಾಸ್' (2024) ಎರಡನ್ನೂ ಸೇರಿಸುತ್ತದೆ. 'ಗೇಮ್' ಪುಸ್ತಕಗಳಿಲ್ಲದೆಯೂ ಕಥೆ ಹಿಡಿದುಕೊಳ್ಳಬಹುದು. ಆದರೆ ಹೇಡೀಸ್ ಯಾಕೆ ಹಾಗೆ ಮಾಡಿದ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಅವು ಬೇಕು.

ಎರಡನೆಯ ದಾರಿ ಕೇಟೀ ರಾಬರ್ಟ್ ಅವರ 'ಡಾರ್ಕ್ ಒಲಿಂಪಸ್'. ಮೊದಲ ಪುಸ್ತಕ 'ನಿಯಾನ್ ಗಾಡ್ಸ್' 2021ರದ್ದು. ಇಲ್ಲಿ ದೇವರುಗಳು ಇಲ್ಲ. ಜೀಯಸ್, ಹೇಡೀಸ್, ಡಿಮೀಟರ್ ಎನ್ನುವುದೆಲ್ಲ ಒಲಿಂಪಸ್ ಎಂಬ ನಗರವನ್ನು ಆಳುವ ಹದಿಮೂರು ಜನರ ಪದವಿಗಳು. ಮಂತ್ರತಂತ್ರ ಬಯಸಿ ಬಂದವರಿಗೆ ಇದು ನಿರಾಸೆ ಮಾಡುತ್ತದೆ. ಅಂಗಡಿಯವರು ಇದನ್ನೂ ಅದೇ ಕಪಾಟಿನಲ್ಲಿ ಇಟ್ಟಿರುತ್ತಾರೆ, ಹಾಗಾಗಿ ಈ ಮಾತು ಒತ್ತಿ ಹೇಳುತ್ತಿದ್ದೇನೆ.

ಆದರೂ ಒಪ್ಪಿಗೆಯ ಪ್ರಶ್ನೆಗೆ ಅತಿ ನೇರವಾದ ಉತ್ತರ ಇಲ್ಲೇ ಇದೆ. ಪರ್ಸೆಫೋನಿಯ ಮದುವೆಯನ್ನು ಜೀಯಸ್‌ನೊಂದಿಗೆ ಗೊತ್ತುಮಾಡುತ್ತಾರೆ, ಅವಳನ್ನು ಕೇಳದೆ. ಅವನ ಹಿಂದಿನ ಹೆಂಡತಿಯರ ಸಾವಿನ ಬಗ್ಗೆ ಊರಲ್ಲಿ ಪಿಸುಮಾತಿದೆ. ಅವಳು ರಾತ್ರಿಯಲ್ಲಿ ಸ್ಟಿಕ್ಸ್ ನದಿ ದಾಟಿ ಓಡುತ್ತಾಳೆ. ಆಚೆ ದಡದಲ್ಲಿ ಹೇಡೀಸ್ ಸಿಗುತ್ತಾನೆ. ನೋಡಿ, ಮೂಲದಲ್ಲಿ ಎಳೆದೊಯ್ದವನ ಕಡೆಗೆ ಇಲ್ಲಿ ಅವಳೇ ತನ್ನ ಕಾಲಲ್ಲಿ ನಡೆದು ಬಂದಿದ್ದಾಳೆ. ಮುಂದೆ ಅವರ ನಡುವೆ ನಡೆಯುವ ಪ್ರತಿಯೊಂದಕ್ಕೂ ಮೊದಲು ಮಾತುಕತೆ ಆಗುತ್ತದೆ. ಈ ಐದರಲ್ಲಿ ಅತಿ ಹೆಚ್ಚು ಹಸಿಬಿಸಿ ಇರುವುದೂ ಇದರಲ್ಲೇ. ಕಟ್ಟುವುದು, ಆಳುವುದು, ಎಲ್ಲರ ಮುಂದೆ ಮುಟ್ಟುವುದು ಇಂಥದ್ದೆಲ್ಲ ಇದೆ. ಮುಜುಗರ ಆಗುವವರು ದೂರ ಇರಿ.

ಇದೇ ಸರಣಿಯ 'ವಿಕೆಡ್ ಬ್ಯೂಟಿ' ಬಗ್ಗೆ ಹೇಳದೆ ಇರಲಾರೆ. ಏರೀಸ್ ಪದವಿಗೆ ಸ್ಪರ್ಧೆ ನಡೆಯುತ್ತದೆ, ಗೆದ್ದವನಿಗೆ ಹೆಲೆನ್‌ಳೇ ಬಹುಮಾನ. ಪುರಾಣದಲ್ಲಿ ಟ್ರಾಯ್ ಯುದ್ಧ ನಡೆದದ್ದು ಈ ಹೆಸರಿನ ಸುಂದರಿಗಾಗಿಯೇ. ಆಗ ಹೆಲೆನ್ ತಾನೇ ಸ್ಪರ್ಧೆಗೆ ಇಳಿಯುತ್ತಾಳೆ. ಸಾವಿರಾರು ವರ್ಷ ಗಂಡಸರು ಹೊಡೆದಾಡಿ ಗೆಲ್ಲುವ ವಸ್ತುವಾಗಿದ್ದವಳಿಗೆ ಸಿಕ್ಕ ಈ ತಿರುವು ನನಗೆ ತುಂಬ ಖುಷಿ ಕೊಟ್ಟಿತು.

ಮೂರನೆಯದು ರೇಚಲ್ ಸ್ಮೈತ್ ಅವರ 'ಲೋರ್ ಒಲಿಂಪಸ್'. ಇದು ಚಿತ್ರಕಥೆ. ವೆಬ್‌ಟೂನ್ ಎಂಬ ಆನ್‌ಲೈನ್ ಚಿತ್ರಕಥೆಗಳ ತಾಣದಲ್ಲಿ 2018ರಿಂದ 2024ರವರೆಗೆ ಬಂತು, ಆಮೇಲೆ ಪುಸ್ತಕಗಳಾಗಿಯೂ ಬರತೊಡಗಿತು. ಚಿತ್ರಕಥೆಗಳ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿಯೂ ಸಿಕ್ಕಿದೆ. ಪರ್ಸೆಫೋನಿಗೆ ಗುಲಾಬಿ ಬಣ್ಣ, ಹೇಡೀಸ್‌ಗೆ ನೀಲಿ. ಒಂದು ಮಾತಿಲ್ಲದೆ ಬಣ್ಣದಲ್ಲೇ ಅವರ ಮನಸ್ಸು ತಿಳಿಯುತ್ತದೆ.

ಇದರಲ್ಲಿ ಪ್ರೀತಿ ಬಹಳ ನಿಧಾನ. ಅಫ್ರೊಡೈಟಿಯ ಹೊಟ್ಟೆಕಿಚ್ಚಿನಿಂದ ಪರ್ಸೆಫೋನಿ ಕುಡಿದ ಮತ್ತಿನಲ್ಲಿ ಹೇಡೀಸ್‌ನ ಕಾರಿನಲ್ಲಿ ಬಂದುಬೀಳುತ್ತಾಳೆ. ಅವನು ಅವಳನ್ನು ಮರ್ಯಾದೆಯಿಂದ ನೋಡಿಕೊಳ್ಳುತ್ತಾನೆ. ಅಲ್ಲಿಂದ ಇಬ್ಬರೂ ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಾರೆ. ಮೂಲ ಕಥೆಯ ಹಿಂಸೆಯನ್ನು ಸ್ಮೈತ್ ಮುಚ್ಚಿಹಾಕಿಲ್ಲ, ಬೇರೆ ಕಡೆ ಇಟ್ಟಿದ್ದಾರೆ. ಆರಂಭದ ಭಾಗದಲ್ಲೇ ಅಪೊಲೊ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅವಳು ಅದನ್ನು ಅತ್ಯಾಚಾರ ಎಂದು ಗುರುತಿಸಲು, ಯಾರಿಗಾದರೂ ಹೇಳಲು, ಬಹಳ ಕಾಲ ಬೇಕಾಗುತ್ತದೆ. ಆ ಭಾಗವನ್ನು ಇಷ್ಟು ಜವಾಬ್ದಾರಿಯಿಂದ ಬರೆದದ್ದು ಈ ಐದರಲ್ಲಿ ಬೇರೆಲ್ಲೂ ಇಲ್ಲ. ಓದುವ ಮೊದಲು ನಿಮಗೆ ಇದು ಗೊತ್ತಿರಲಿ.

ಪಾಪ ಡಿಮೀಟರ್

ಈ ಮೂರೂ ಸರಣಿಗಳ ಮೇಲೆ ನನಗೆ ಒಂದೇ ದೂರು. ಹೇಡೀಸ್‌ನನ್ನು ಒಳ್ಳೆಯವನನ್ನಾಗಿ ಮಾಡಬೇಕು, ಸರಿ. ಹಾಗಾದರೆ ಕೆಟ್ಟವರು ಯಾರು? ಎಲ್ಲರ ಬೆರಳೂ ತಾಯಿಯ ಕಡೆ ಹೋಗುತ್ತದೆ. ಸೇಂಟ್ ಕ್ಲೇರ್ ಅವರಲ್ಲಿ ಡಿಮೀಟರ್ ಮಗಳನ್ನು ಗಾಜಿನ ಮನೆಯಲ್ಲಿಟ್ಟು ಬೆಳೆಸಿದ ಹಟಮಾರಿ. ರಾಬರ್ಟ್ ಅವರಲ್ಲಿ ಮಗಳನ್ನು ಅಧಿಕಾರಕ್ಕಾಗಿ ಮದುವೆಗೆ ಒಡ್ಡುವವಳು. ಸ್ಮೈತ್ ಅವರ ಡಿಮೀಟರ್‌ಗೆ ಮಾತ್ರ ತನ್ನದೇ ಭಯ, ತನ್ನದೇ ಕಾರಣಗಳಿವೆ. ಹಳೆಯ ಸ್ತೋತ್ರದಲ್ಲಿ ಮಗಳ ಪರವಾಗಿ ದೇವಲೋಕವನ್ನೇ ಮಣಿಸಿದವಳು ಅವಳೊಬ್ಬಳೇ. ಆ ತಾಯಿಯನ್ನೂ ಉಳಿಸಿಕೊಂಡು ಪ್ರೇಮಕಥೆ ಬರೆಯುವವರು ಬರಲಿ ಎಂದು ಕಾಯುತ್ತಿದ್ದೇನೆ.

ಹಾಗಾದರೆ ಯಾವುದು?

ಒಂದು ದೊಡ್ಡ ಲೋಕದೊಳಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರಬೇಕು ಅನ್ನಿಸಿದರೆ 'ಡಾರ್ಕ್ ಹಂಟರ್' ಹಿಡಿಯಿರಿ. ಐದರಲ್ಲಿ ನನ್ನ ಮೊದಲ ಆಯ್ಕೆ ಅದೇ. ಹೊಡೆದಾಟ ಜಾಸ್ತಿ, ನಗು ಜಾಸ್ತಿ ಬೇಕು ಅಂದರೆ ಶೋವಾಲ್ಟರ್. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಕಡಿಮೆ ಇರುವವರು 'ಲೋರ್ ಒಲಿಂಪಸ್'ನಿಂದ ಶುರು ಮಾಡಿ, ಆಮೇಲೆ ಸೇಂಟ್ ಕ್ಲೇರ್‌ಗೆ ಬರಬಹುದು. ಒಂದೇ ಜೋಡಿ, ಎರಡು ಬಗೆಯ ಕಥೆ, ಹೋಲಿಸುತ್ತಾ ಓದಲು ಮಜಾ ಇರುತ್ತದೆ. 'ಡಾರ್ಕ್ ಒಲಿಂಪಸ್' ಹಾಗೆಯೇ ಓದಬಹುದು, ಆದರೆ ಗ್ರೀಕ್ ಪುರಾಣ ಸ್ವಲ್ಪ ತಿಳಿದ ಮೇಲೆ ಓದಿದರೆ ಇನ್ನೂ ಚೆನ್ನ. ಪದವಿಗಳ ಆಟ, ತಿರುಗಿಸಿದ ಕಥೆಗಳ ಸೊಗಸು ಆಗ ಪೂರ್ತಿ ಸಿಗುತ್ತದೆ.

ಮನೆಯಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಕೇಳಿದರೆ ಮೇಲಿನ ಐದನ್ನೂ ಕೊಡಬೇಡಿ. ಅವರಿಗೆ ಜೋಸೆಫೀನ್ ಏಂಜಲಿನಿ ಅವರ 'ಸ್ಟಾರ್‌ಕ್ರಾಸ್ಡ್' (2011) ಇದೆ. ನಾಂಟಕೆಟ್ ದ್ವೀಪದ ಹೆಲೆನ್ ಎಂಬ ಹುಡುಗಿ, ಹೊಸದಾಗಿ ಬಂದ ಲೂಕಸ್‌ನನ್ನು ನೋಡಿದೊಡನೆ ಅವನನ್ನು ಕೊಲ್ಲಬೇಕು ಅನ್ನುವಷ್ಟು ಸಿಟ್ಟಾಗುತ್ತಾಳೆ. ಅದು ಅವಳ ಸಿಟ್ಟಲ್ಲ, ಹಿಂದಿನವರ ರಕ್ತದ ಸಾಲ. ಟ್ರಾಯ್ ಯುದ್ಧದ ಕಥೆ ಹಿನ್ನೆಲೆಯಲ್ಲಿದೆ, 2013ರ ಹೊತ್ತಿಗೆ ಮೂರು ಪುಸ್ತಕಗಳಲ್ಲಿ ಅವಳ ಕಥೆ ಒಂದು ಮುಗಿವಿಗೆ ಬರುತ್ತದೆ. ಓದಿ ಮುಗಿಸಿದ ಮೇಲೆ ಮಕ್ಕಳು ಆ ಯುದ್ಧದ ಮಹಾಕಾವ್ಯ 'ಇಲಿಯಡ್' ಕೇಳಿಕೊಂಡು ಬಂದರೆ ತಕ್ಷಣ ಕೊಡಿಸಿ.